ಚೀಟಿ ಯಾರಿಗೆ ಬರೆದದ್ದು?

ನಮ್ಮ ಸಭೆಯ ಸಮಿತಿಯ ಮುಂದೆ ಈಗ ಒಂದು ಸೂಚನೆ ಬಂದಿದೆ. ಮದುವೆಯ ಪ್ರಕಟಣೆಯನ್ನು ದೇವಾಲಯದಲ್ಲಿ ಓದುವುದಕ್ಕೆ ಮೊದಲು ಹುಡುಗ ಹುಡುಗಿ ಇಬ್ಬರೂ ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿ, ಸರ್ಟಿಫಿಕೇಟನ್ನು ಅಯ್ಯಗಾರಿಗೆ ಒಪ್ಪಿಸಬೇಕು ಎಂದು. (ಸಭಾಪಾಲಕರನ್ನು ನಮ್ಮ ಕಡೆ ಅಯ್ಯಗಾರು ಎನ್ನುತ್ತೇವೆ. ಮಾತು ತೆಲುಗಿನದು, ಮನೆಯಲ್ಲಿ ಕನ್ನಡ ಆಡುವವರ ಬಾಯಲ್ಲೂ ಅದೇ ನಿಂತಿದೆ.) ಸೂಚನೆ ತಂದವರು ಕಲ್ಲುಮನಸ್ಸಿನವರಲ್ಲ. ಇಬ್ಬರು ಹೆಣ್ಣುಮಕ್ಕಳ ತಂದೆ. "ಮಗಳನ್ನ ಕೊಡೋನು ನಾನು. ಕೇಳಿದ್ರ ತಪ್ಪೇನ್ರಿ?" ಎಂದರು. ತಪ್ಪು ಎಂದು ಹೇಳುವ ಧೈರ್ಯ ಅಲ್ಲಿದ್ದ ಯಾರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಅಯ್ಯಗಾರು ನನ್ನ ಕಡೆ ತಿರುಗಿ, "ನೀವು ಓದಿದೋರು, ಬ್ಯಾಂಕಿನಾಗ ಇರೋರು, ನೀವೇನಂತೀರಿ?" ಎಂದರು. ಯೋಚನೆ ಮಾಡಿ ಮುಂದಿನ ಸಭೆಯಲ್ಲಿ ಹೇಳುತ್ತೇನೆಂದು ಆ ಹೊತ್ತಿಗೆ ತಪ್ಪಿಸಿಕೊಂಡೆ.

ಯೋಚನೆಗೆ ಕೂತರೆ ಮೊದಲು ಕಣ್ಣ ಮುಂದೆ ಬಂದದ್ದು 2006ರಲ್ಲಿ ನಾನೇ ನಿಂತು ಓದಿದ ಒಂದು ಚೀಟಿ. ಅದನ್ನು ಹೇಳದೆ ಈ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ನನಗಿಲ್ಲವೆಂದು ತೋರಿತು. ಹೇಳುವ ಮೊದಲು ಊರಿನ ಪರಿಚಯ ಸ್ವಲ್ಪ ಬೇಕು, ಏಕೆಂದರೆ ಈ ವಾರ್ಷಿಕವನ್ನು ಓದುವವರಲ್ಲಿ ಹೆಚ್ಚಿನವರು ಕಾಸರಗೋಡಿನ ಕಡೆಯವರು.

ಬಸ್ಸಿನ ಬೋರ್ಡಿನಲ್ಲಿ ತೆಲುಗಕ್ಷರದಲ್ಲಿ ಆದೋನಿ ಎಂದಿರುವ ಊರನ್ನು ನಾವು ಆದವಾನಿ ಎನ್ನುತ್ತೇವೆ. ಹತ್ತಿಯ ಮಾರುಕಟ್ಟೆ, ಹತ್ತಿಯ ಮಿಲ್ಲು, ಅಂಗಳದಲ್ಲಿ ಅರಳೆ ಹಾರಾಡುವ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ನಿಮಗಾದದ್ದು ನಮಗೆ ಮೂರು ವರ್ಷ ಮುಂಚೆಯೇ ಆಗಿತ್ತು. ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡ. ಹೊಸ್ತಿಲು ದಾಟಿದರೆ ಶಾಲೆ, ಕಚೇರಿ, ಆರಾಧನೆ ಎಲ್ಲ ತೆಲುಗು. ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದರು, ಕನ್ನಡ ಬೈಬಲ್ಲಿನ ಕೆಲಸ ಅಲ್ಲಿ ನಡೆಯಿತು. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಈ ಇಪ್ಪತ್ತನಾಲ್ಕು ವರ್ಷದ ಹಿರಿತನವನ್ನು ನಿಮ್ಮ ಮುಂದೆ ಹೇಳದೆ ಬಿಡಲು ಮನಸ್ಸಾಗಲಿಲ್ಲ! ಆದರೂ ನಮ್ಮ ಅಜ್ಜ ಕನ್ನಡದಲ್ಲಿ ಓದಿದ್ದನ್ನು ನಾವು ತೆಲುಗಿನಲ್ಲಿ ಹಾಡುತ್ತೇವೆ. ಈ ಎರಡು ಭಾಷೆಯ ಸಂಗತಿ ಮುಂದೆ ಬೇಕಾಗುತ್ತದೆ.

ಮಳೆ ಕೈಕೊಟ್ಟ ವರ್ಷ ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ಮನೆಮನೆಗೆ ಬೀಗ ಬೀಳುತ್ತದೆ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಹತ್ತಿ ಹೊತ್ತ ಲಾರಿಗಳು ವಾರಗಟ್ಟಲೆ ಊರಿಗೆ ಬರುವುದಿಲ್ಲ. ಹೆಣ್ಣುಮಕ್ಕಳನ್ನು ಬಸವಿ ಬಿಡುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಅದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ, ಆಂಧ್ರ 1988ರಲ್ಲಿ ಕಾನೂನು ಮಾಡಿದವು. ರೋಗ ಈ ದಾರಿಗಳಲ್ಲಿಯೇ ನಡೆದು ಬಂತು. ದಾರಿ ಮಾಡಿಕೊಟ್ಟದ್ದು ಬಡತನ ಎಂದರೆ ಪೂರ್ತಿ ಸತ್ಯವಾಗಲಿಕ್ಕಿಲ್ಲ. ಪಾಪ ಎಂದರೆ ಅದಕ್ಕಿಂತಲೂ ಕಡಿಮೆ ಸತ್ಯವಾಗುತ್ತದೆ.

ಇನ್ನು ಚೀಟಿಯ ಮಾತು. ನಮ್ಮಲ್ಲಿ ಪ್ರಾರ್ಥನೆ ಬೇಕಾದವರು ಒಂದು ತುಂಡು ಕಾಗದದಲ್ಲಿ ಬರೆದು ಕಾಣಿಕೆಯ ಚೀಲಕ್ಕೆ ಹಾಕುತ್ತಾರೆ. ಆರಾಧನೆಯ ನಡುವೆ ಒಬ್ಬರು ನಿಂತು ಓದುತ್ತಾರೆ. ಬೋರಿಗೆ ನೀರು ಬೀಳಲಿ, ಮಗ ಹತ್ತನೇ ತರಗತಿ ಪಾಸಾಗಲಿ, ಕಳೆದ ಎಮ್ಮೆ ಸಿಗಲಿ, ಗಂಡ ಕುಡಿಯುವುದು ಬಿಡಲಿ. ಆಗ ನನಗೆ ಇಪ್ಪತ್ತೈದು ದಾಟಿತ್ತು, ಬ್ಯಾಂಕಿಗೆ ಸೇರಿ ವರ್ಷವಾಗಿತ್ತು, ಯುವಕರ ಕೂಟದ ಕಾರ್ಯದರ್ಶಿ. ಕನ್ನಡ ಬರೆದ ಚೀಟಿಗಳೂ ಇರುತ್ತಿದ್ದುದರಿಂದ ಎರಡೂ ಓದಬಲ್ಲವನೆಂದು ನನಗೇ ಆ ಕೆಲಸ.

ಒಂದು ಭಾನುವಾರ ಬಂದ ಚೀಟಿಯಲ್ಲಿ ಒಬ್ಬ ತಾಯಿ ಕನ್ನಡದಲ್ಲಿ ಬರೆದಿದ್ದರು: ನನ್ನ ಮಗನ ರಕ್ತದಾಗ ದೋಷ ಐತಂತ, ದೇವರು ಕಾಪಾಡಲಿ. ಕೆಳಗೆ ಮಗನ ಹೆಸರು. ಆ ಹುಡುಗ ಲಾರಿಯ ಮೇಲೆ ಇದ್ದವನು, ನನ್ನ ಓರಗೆಯವನು. ಅವನ ರಕ್ತದಲ್ಲಿ ಇರುವುದೇನೆಂದು ಹೊರಗಿನ ಮಾತಿನಿಂದ ನನಗೆ ಗೊತ್ತಿತ್ತು. ನಾನು ಆ ಚೀಟಿಯನ್ನು ತೆಲುಗಿಗೆ ಮಾಡಿ ಓದಿದೆ. ಓದುವಾಗ ತಾಯಿ ಮುಚ್ಚಿ ಇಟ್ಟದ್ದನ್ನು ನಾನು ಬಿಚ್ಚಿದೆ. ಎಚ್‌ಐವಿ ಎಂದೇ ಹೇಳಿದೆ. ಉದ್ದೇಶ ಒಳ್ಳೆಯದಿತ್ತು: ಏನೆಂದು ಖಚಿತವಾಗಿ ಬೇಡಿದರೆ ಖಚಿತವಾಗಿ ಸಿಗುತ್ತದೆ ಎಂದು ಆಗ ನಂಬಿದ್ದೆ. ಎಲ್ಲರೂ ಮೊಣಕಾಲೂರಿದರು. ಹೆಂಗಸರು ಅತ್ತರು. ಮನೆಗೆ ಹೋಗುವಾಗ ನಮ್ಮದು ಎಷ್ಟು ಕರುಣೆಯ ಸಭೆ ಎಂದು ನನಗೆ ಹೆಮ್ಮೆಯಾಗಿತ್ತು.

ಅದೇ ವಾರ ಚಹಾದ ಅಂಗಡಿಯಲ್ಲಿ ಅವನ ಗ್ಲಾಸು ಬೇರೆಯಾಯಿತು. ಲಾರಿಯ ಮಾಲೀಕ ಬೇರೆ ಹುಡುಗನನ್ನು ಇಟ್ಟುಕೊಂಡ. ಮುಂದಿನ ತಿಂಗಳ ಕರ್ತನ ಭೋಜನದ ಹೊತ್ತಿಗೆ, ಬಾಯಿಂದ ಬಾಯಿಗೆ ಹೋಗುತ್ತಿದ್ದ ಒಂದೇ ಪಾತ್ರೆಯ ಬದಲು, ತಟ್ಟೆಯಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಲೋಟಗಳು ಬಂದವು. ಹೊಸ ಲೋಟ ಏಕೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸಮಿತಿಯ ನಡಾವಳಿ ಪುಸ್ತಕದಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲ, ನಾನು ತೆಗೆದು ನೋಡಿದ್ದೇನೆ. ಅವನು ಹೆಂಡತಿ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೋದ. 2009ರಲ್ಲಿ ಸತ್ತ ಸುದ್ದಿ ಬಂತು. ಹೆಣವನ್ನು ಊರಿಗೆ ತರಲಿಲ್ಲ.

ಆ ನಂತರ ಒಂದು ದಿನ ತಾಯಿ ನನ್ನ ಕೌಂಟರಿಗೆ ಬಂದರು. ದುಡ್ಡು ತೆಗೆಯುವ ಫಾರಂ ಇಂಗ್ಲಿಷ್ ತೆಲುಗಿನದು, ಅದರ ಮೇಲೆ ಅವರ ಸಹಿ ಕನ್ನಡದ್ದು. ಭಾನುವಾರದ ಶಾಲೆಯಲ್ಲಿ ಕಲಿತ ಗುಂಡು ಅಕ್ಷರ, ಚೀಟಿಯ ಮೇಲಿದ್ದ ಅದೇ ಅಕ್ಷರ. ರೊಕ್ಕ ಎಣಿಸಿ ಸೊಂಟದ ಚೀಲಕ್ಕೆ ಸೇರಿಸಿದ ಮೇಲೂ ಅವರು ಕಿಟಕಿ ಬಿಟ್ಟು ಕದಲಲಿಲ್ಲ.

"ತಮ್ಮಾ, ನನ್ನ ಪಾಸ್‌ಬುಕ್ಕಿನಾಗ ಎಷ್ಟೈತಂತ ಯಾರಾರ ಕೇಳಿದ್ರ ಹೇಳ್ತಿಯೇನು?"

"ಇಲ್ಲವ್ವ. ನಿಮ್ಮ ಒಡಹುಟ್ಟಿದೋರು ಬಂದು ಕೇಳಿದ್ರೂ ಹೇಳಂಗಿಲ್ಲ."

"ಹಂಗಾದ್ರ ಅದನ್ಯಾಕ ಹೇಳ್ದಿ? ಆ ಚೀಟಿ ನಾನು ದೇವರಿಗೆ ಬರದಿದ್ದೆ. ನೀನು ಊರಿಗೆ ಓದ್ದಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಒಂದು ತಪ್ಪನ್ನು ತೋರಿಸುವವರ ಹಾಗೆ ಕೇಳಿದರು. ಹಿಂದೆ ಕ್ಯೂ ಇತ್ತು. ಮುಂದಿನವರನ್ನು ಕರೆದೆ.

ಬ್ಯಾಂಕಿನವನಾಗಿ ನನಗೆ ಗೊತ್ತಿದ್ದ ಒಂದು ಧರ್ಮ ಸಭಿಕನಾಗಿ ನನಗೆ ಏಕೆ ಗೊತ್ತಿರಲಿಲ್ಲ? ರಾಷ್ಟ್ರೀಕೃತ ಬ್ಯಾಂಕುಗಳ 1970ರ ಕಾಯಿದೆಯಲ್ಲಿ ನಿಷ್ಠೆ ಮತ್ತು ಗೌಪ್ಯತೆಗೆಂದೇ ಒಂದು ಕಲಮು ಇದೆ. ಕೆಲಸಕ್ಕೆ ಸೇರಿದ ದಿನ ಅದಕ್ಕೆ ಸಹಿ ಹಾಕುತ್ತೇವೆ. ಇಲಾಖಾ ಪರೀಕ್ಷೆಗೆ ಓದುವವರೆಲ್ಲ ಟೂರ್ನಿಯರ್ ಎಂಬುವನ ಮೊಕದ್ದಮೆಯನ್ನು ಬಾಯಿಪಾಠ ಮಾಡಿರುತ್ತಾರೆ. 1924ರ ಇಂಗ್ಲೆಂಡಿನ ತೀರ್ಪು ಅದು. ಅವನು ಬ್ಯಾಂಕಿಗೆ ಕೊಡಬೇಕಾಗಿದ್ದದ್ದು ಹತ್ತು ಪೌಂಡಿಗೂ ಕಡಿಮೆ. ಅವನ ವಿಳಾಸ ಕೇಳಲೆಂದು ಮ್ಯಾನೇಜರು ಅವನ ಧಣಿಗಳಿಗೆ ಫೋನು ಮಾಡಿ, ಮಾತಿನಲ್ಲಿ ಮಾತು ಬಂದು ಸಾಲದ ಸಂಗತಿ, ಜೂಜಿನವರಿಗೆ ಹಣ ಹೋಗುತ್ತಿದ್ದ ಸಂಗತಿ ಎರಡೂ ಹೇಳಿಬಿಟ್ಟರು. ಅವನ ಕೆಲಸ ಹೋಯಿತು. ಗಿರಾಕಿಯ ಗುಟ್ಟು ಬ್ಯಾಂಕಿನ ಸೊತ್ತಲ್ಲವೆಂದು ನ್ಯಾಯಾಲಯ ಹೇಳಿ, ನಾಲ್ಕೇ ನಾಲ್ಕು ಕಡೆ ವಿನಾಯಿತಿ ಕೊಟ್ಟಿತು: ಕಾನೂನು ಒತ್ತಾಯಿಸಿದರೆ, ಸಾರ್ವಜನಿಕರ ಬಗೆಗಿನ ಕರ್ತವ್ಯವಿದ್ದರೆ, ಬ್ಯಾಂಕಿನ ಸ್ವಂತ ಹಿತಕ್ಕೆ ಅವಶ್ಯವಾದರೆ, ಗಿರಾಕಿಯೇ ಒಪ್ಪಿದರೆ. ಇದನ್ನು ಪರೀಕ್ಷೆಗೆ ಓದಿ ಪಾಸಾದವನು ನಾನು. ಹತ್ತು ಪೌಂಡಿನ ಸಾಲಕ್ಕೆ ಇರುವ ಮರ್ಯಾದೆ ಒಬ್ಬನ ರಕ್ತಕ್ಕೆ ಇರಬಾರದೇ ಎಂಬ ಪ್ರಶ್ನೆ ಭಾನುವಾರ ಏಳಲೇ ಇಲ್ಲ.

ಏಳದಿದ್ದದ್ದಕ್ಕೆ ಕಾರಣವಿದೆ. ಸಭೆ ಎಂದರೆ ಮನೆ, ಮನೆಯಲ್ಲಿ ಗುಟ್ಟೇನು ಎಂಬ ಭಾವನೆ. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಪ್ರತಿ ವಾರ ಕೇಳುತ್ತೇವೆ. ಭಾರ ಏನೆಂದು ತಿಳಿಯದೆ ಹೊರುವುದು ಹೇಗೆ? ಬಹಳ ದಿನ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರುಕಟ್ಟೆಯ ಅಂಗಳದಲ್ಲಿ ಹಮಾಲರನ್ನು ದಿನಾ ನೋಡುತ್ತೇನೆ. ಮೂಟೆಯೊಳಗೆ ಯಾವ ಹತ್ತಿ, ಯಾರದು, ಏನು ಧಾರಣೆಗೆ ಹೋಯಿತು ಎಂದು ಬಿಚ್ಚಿ ನೋಡಿ ಹೊರುವವರಿಲ್ಲ. ಎಷ್ಟು ಭಾರ, ಎಲ್ಲಿಗೆ ಹೋಗಬೇಕು, ಇಷ್ಟು ಗೊತ್ತಾದರೆ ಸಾಕು ಅವರಿಗೆ. ಆ ತಾಯಿ ನಮಗೆ ಅಷ್ಟನ್ನು ಹೇಳಿದ್ದರು. ಮಗನ ರಕ್ತದಲ್ಲಿ ದೋಷ, ಕಾಪಾಡಬೇಕು. ಪ್ರಾರ್ಥನೆಗೆ ಅದಕ್ಕಿಂತ ಹೆಚ್ಚು ಬೇಕಾಗಿದ್ದದ್ದು ದೇವರಿಗಂತೂ ಅಲ್ಲ.

ಹೆಚ್ಚು ಬೇಕಾಗಿದ್ದದ್ದು ನಮಗೆ, ಮತ್ತು ಅದರ ಹಿಂದೆ ಇನ್ನೊಂದು ಪ್ರಶ್ನೆ ಕಾಯುತ್ತಿತ್ತು: ಹೇಗೆ ಬಂತು? ಕ್ಯಾನ್ಸರ್ ಎಂದರೆ ಯಾರೂ ಹೇಗೆ ಬಂತೆಂದು ಕೇಳುವುದಿಲ್ಲ. ಇದಕ್ಕೆ ಮಾತ್ರ ಕೇಳದೆ ಬಿಡುವುದಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳುವುದು ಇದೇ ಪ್ರಶ್ನೆ. ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು. ಯೇಸು ಆ ಲೆಕ್ಕವನ್ನೇ ಒಪ್ಪುವುದಿಲ್ಲ. ಈ ಭಾಗದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇವೆ. ಆದರೂ ನಮ್ಮ ಸಭೆಗಳ ಕರುಣೆ ಮೊದಲು ತೆರೆದದ್ದು 'ನಿರಪರಾಧಿ'ಗಳಿಗೆ, ಅಂದರೆ ಗಂಡನಿಂದ ಬಂದ ಹೆಂಡತಿಗೆ, ತಾಯಿಯಿಂದ ಬಂದ ಮಗುವಿಗೆ. ಆ ಮಾತು ಕೇಳಲು ಮೃದು. ಒಬ್ಬಳನ್ನು ನಿರಪರಾಧಿ ಎಂದು ಕರೆದ ಗಳಿಗೆಯಲ್ಲೇ ಪಕ್ಕದವನು ಅಪರಾಧಿಯಾಗುತ್ತಾನೆ. ಅವನು ಅವಳ ಗಂಡ; ಅವಳೇ ಅವನಿಗೆ ಗಂಜಿ ಕುಡಿಸಬೇಕಾದವಳು. ನಮ್ಮ ಕರುಣೆ ಆ ಮನೆಯ ನಡುವೆ ಗೋಡೆ ಎತ್ತಿ ಹೊರಟುಹೋಗುತ್ತದೆ.

ಯೋಬನ ಗೆಳೆಯರ ಮೇಲೆ ನನಗೆ ಈಚೆಗೆ ಗೌರವ ಹುಟ್ಟಿದೆ. ಅವರನ್ನು ಎಲ್ಲರೂ ಬೈಯುತ್ತೇವೆ. ಆದರೆ ಬಂದ ಮೊದಲ ಏಳು ದಿನ ಏಳು ರಾತ್ರಿ ಅವರು ಅವನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಅವರು ಕೆಟ್ಟದ್ದು ಎಂಟನೆಯ ದಿನ, ಕಾರಣ ಹುಡುಕಲು ಹೊರಟಾಗ.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ನಮ್ಮ ಸಭೆಯ ಒಬ್ಬ ಹಿರಿಯರು ನನ್ನೊಡನೆ ವಾದ ಮಾಡಿದರು. "ಎಲ್ಲಾರೂ ಬಾಯಿ ಮುಚ್ಚಿಕೊಂಡು ಕುಂತ್ರ ಅವನು ಒಬ್ಬನೇ ಸಾಯ್ತಾನಲ್ಲಪ್ಪ. ಗುಟ್ಟು ಅನ್ನೋದು ನಾಚಿಕೆಗೆ ಇನ್ನೊಂದು ಹೆಸರು." ನಿಜ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳು ಪರೀಕ್ಷೆಯಾದದ್ದು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ. ಅಂದರೆ ನಮ್ಮದೇ ಆಸ್ಪತ್ರೆಯಲ್ಲಿ. ಅಲ್ಲಿಂದ ಇಪ್ಪತ್ತು ವರ್ಷ ನಮ್ಮ ಪೀಠದಿಂದ ಆ ರೋಗದ ಹೆಸರು ಬಂದದ್ದು ಒಂದೇ ಸಲ, ಆ ದಿನ ನನ್ನ ಬಾಯಿಂದ. ಹೆಸರೇ ಹೇಳದ ರೋಗದ ಬಗ್ಗೆ ತಿಳಿವಳಿಕೆ ಎಲ್ಲಿಂದ ಬರಬೇಕು? ಚಹಾದ ಅಂಗಡಿಯವನು ಗ್ಲಾಸು ಬೇರೆ ಮಾಡಿದ್ದು ಕೆಟ್ಟತನದಿಂದ ಇರಲಾರದು. ಎಂಜಲಿನಿಂದ, ಕೈ ಮುಟ್ಟಿದ್ದರಿಂದ, ಒಂದೇ ತಟ್ಟೆಯಲ್ಲಿ ಉಂಡದ್ದರಿಂದ ಇದು ಬರುವುದಿಲ್ಲವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ನಮಗೂ ಹೇಳಿರಲಿಲ್ಲ, ಹೇಳಿದ್ದರೆ ಆ ಚಿಕ್ಕ ಲೋಟಗಳು ಬರುತ್ತಿರಲಿಲ್ಲ.

ಹಿರಿಯರ ಮಾತನ್ನು ನಾನು ಹೀಗೆ ಒಪ್ಪಿಕೊಂಡಿದ್ದೇನೆ: ರೋಗದ ಹೆಸರನ್ನು ಪೀಠದಿಂದ ಗಟ್ಟಿಯಾಗಿ ಹೇಳಬೇಕು, ರೋಗಿಯ ಹೆಸರನ್ನು ಹೇಳಬಾರದು. ನಾವು ಮಾಡಿದ್ದು ಸರಿಯಾಗಿ ಅದರ ತಿರುವುಮುರುವು. ರೋಗಿಯೇ ಎದ್ದು ತನ್ನ ಹೆಸರು ಹೇಳುವ ದಿನ ಬಂದರೆ ಆ ಮಾತು ಬೇರೆ. ಉಗಾಂಡಾದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶಾ 1992ರಲ್ಲಿ ತನಗೆ ಸೋಂಕಿದೆಯೆಂದು ಬಹಿರಂಗವಾಗಿ ಹೇಳಿದರು. ಹಿಂದಿನ ವರ್ಷ ಹೆಂಡತಿ ತೀರಿಕೊಂಡಿದ್ದರು. ಹೇಳಿದ ಮೇಲೂ ಅವರು ಪಾದ್ರಿಯಾಗಿಯೇ ಉಳಿದರು. ಹೇಳಿದ್ದು ಅವರು, ಹೇಳಲು ಗಳಿಗೆ ನೋಡಿದ್ದು ಅವರು. ಗಿರಾಕಿಯ ಒಪ್ಪಿಗೆ ಎಂಬ ನಾಲ್ಕನೆಯ ವಿನಾಯಿತಿ ಎಂದರೆ ಇದೇ ಅಲ್ಲವೇ? ಯುವಕರ ಕೂಟದ ಕಾರ್ಯದರ್ಶಿಗೆ ಆ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ.

ಬೇರೆಯವರು ಹೇಳಿಬಿಟ್ಟರೆ ಏನಾಗುತ್ತದೆಂದು ಕೇರಳದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕೊಲ್ಲಂ ಜಿಲ್ಲೆಯಲ್ಲಿ ಅಪ್ಪ ಅಮ್ಮನನ್ನು ಈ ರೋಗಕ್ಕೆ ಕಳೆದುಕೊಂಡ ಅಕ್ಕ ತಮ್ಮ ಇಬ್ಬರು ಚಿಕ್ಕ ಮಕ್ಕಳನ್ನು ಶಾಲೆಯಲ್ಲಿ ಕೂರಿಸಿಕೊಳ್ಳಲು ಉಳಿದ ತಂದೆತಾಯಿಗಳು ಬಿಡಲಿಲ್ಲ. 2003ರಲ್ಲಿ ಕೇಂದ್ರದ ಆರೋಗ್ಯ ಮಂತ್ರಿ ಸುಷ್ಮಾ ಸ್ವರಾಜ್ ಆ ಮಕ್ಕಳನ್ನು ಎಲ್ಲರೆದುರು ಅಪ್ಪಿಕೊಂಡರು. ಆ ಚಿತ್ರ ಪತ್ರಿಕೆಗಳಲ್ಲಿ ಬಂತು. ಅದು ದೊಡ್ಡ ಕೆಲಸವೇ. ಆದರೆ ಶಾಲೆಯ ಬೆಂಚಿನ ಮೇಲೆ ಕೂರುವುದಕ್ಕೆ ಒಂದು ಮಗು ದೇಶಕ್ಕೆಲ್ಲ ತನ್ನ ಮುಖ ತೋರಿಸಬೇಕಾಗಿ ಬಂದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಚರ್ಚುಗಳು ಏನೂ ಮಾಡಲಿಲ್ಲವೆಂದು ಬರೆದರೆ ಅನ್ಯಾಯವಾದೀತು. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಕಮಿಲಿಯನ್ ಪಾದ್ರಿಗಳು 1990ರ ದಶಕದಲ್ಲೇ ಸ್ನೇಹದಾನ ಎಂಬ ಆರೈಕೆಯ ಮನೆಯನ್ನು ತೆರೆದರು. ಬೇರೆಲ್ಲಿಯೂ ಹಾಸಿಗೆ ಸಿಗದವರಿಗೆ ಅಲ್ಲಿ ಸಿಕ್ಕಿತು. ಮಂಗಳೂರಿನ ಹತ್ತಿರ ಅವರದೇ ಸ್ನೇಹಸದನವಿದೆ. ಭಾರತದ ಕಥೋಲಿಕ ಬಿಷಪರ ಮಂಡಳಿ 2005ರಲ್ಲಿ ಈ ವಿಷಯಕ್ಕೇ ಒಂದು ನೀತಿಯನ್ನು ಪ್ರಕಟಿಸಿತು. ಆದರೆ ಆಸ್ಪತ್ರೆ ನಡೆಸುವ ಚರ್ಚು ಬೇರೆ, ಭಾನುವಾರ ಒಂದೇ ಬೆಂಚಿನ ಮೇಲೆ ಕೂರುವ ಚರ್ಚು ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ಆ ಬೆಂಚಿನಲ್ಲಿ ಕೂರುವ ಒಬ್ಬರಿಂದ ನಾನು ಕಲಿತದ್ದಿದೆ. ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವ ಒಬ್ಬ ಹಿರಿಯ ಹೆಂಗಸು, ನಾವೆಲ್ಲ ದೊಡ್ಡಮ್ಮ ಎನ್ನುವವರು, ಎಷ್ಟೋ ವರ್ಷಗಳಿಂದ ಕೆಲವರನ್ನು ಜೊತೆಯಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋಗುತ್ತಿದ್ದರು. ಸರ್ಕಾರ 2004ರ ಏಪ್ರಿಲ್ 1ರಿಂದ ಎ.ಆರ್.ಟಿ. ಮಾತ್ರೆಗಳನ್ನು ಪುಕ್ಕಟೆ ಕೊಡತೊಡಗಿತು. ಮೊದಲು ದೊಡ್ಡ ಊರುಗಳಲ್ಲಿ, ಆಮೇಲೆ ಜಿಲ್ಲೆಗಳಲ್ಲಿ. ಕರ್ನೂಲಿಗೆ ಹೋದರೆ ಗುರುತಿನವರು ಸಿಗುತ್ತಾರೆಂಬ ಅಂಜಿಕೆ. ಆಲೂರಿನ ಮೇಲೆ ಬಳ್ಳಾರಿಗೆ ಹೋದರೆ ರಾಜ್ಯವೇ ಬೇರೆ, ಮಾತು ಮಾತ್ರ ಮನೆಯದು. ಗಡಿ ನಮಗೆ ಉಪಕಾರ ಮಾಡಿದ್ದು ಇದೊಂದರಲ್ಲಿ! ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಎಲ್ಲಿಗೆ ಎಂದು ಕೇಳಿದರೆ ದೊಡ್ಡಮ್ಮ, ನನ್ನ ಕಣ್ಣು ತೋರಿಸಿಕೊಂಡು ಬರೋಕೆ, ಇವಳು ಜೊತೆಗೆ ಬರ್ತಾಳೆ ಎನ್ನುತ್ತಿದ್ದರು. ಕಣ್ಣು ಚೆನ್ನಾಗಿಯೇ ಇತ್ತು. ಸುಳ್ಳು ಪಾಪವಲ್ಲವೇ ದೊಡ್ಡಮ್ಮ ಎಂದು ಒಮ್ಮೆ ಕೇಳಿದೆ. "ಪಾಪ ಇದ್ರ ನನ್ನ ಖಾತೆಗೆ ಬರಕೋ" ಎಂದರು. ಖಾತೆ ಬರೆಯುವವನಿಗೆ ತಕ್ಕ ಉತ್ತರ.

ನಾನು ಸಭೆಯ ಖಜಾಂಚಿಯಾದ ಮೇಲೆ ಅವರು ಬಸ್ ಚಾರ್ಜು ಕೇಳಲು ಬಂದರು. ಯಾರಿಗೆ ಎಂದು ಹೇಳಲಿಲ್ಲ. ಹೆಸರಿಲ್ಲದ ವೋಚರಿಗೆ ದುಡ್ಡು ಕೊಡುವುದು ನನ್ನ ವೃತ್ತಿಗೆ ಒಗ್ಗದ ಕೆಲಸ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನಗಬೇಡಿ, ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೂ ಸಂಜೆ ಮನೆಗೆ ಹೋಗದ ಜಾತಿ ನಮ್ಮದು. ಕೊನೆಗೆ ಪ್ರಯಾಣ ಸಹಾಯ ಎಂದು ಬರೆದು, ಒಂದು ಎರಡು ಮೂರು ಎಂದು ಸಂಖ್ಯೆ ಹಾಕಿ, ದೊಡ್ಡಮ್ಮನ ಸಹಿ ತೆಗೆದುಕೊಂಡೆ. ಸಮಿತಿಯಲ್ಲಿ ಒಬ್ಬರು ಇದೇನು ಲೆಕ್ಕ ಎಂದು ಎದ್ದರು. ಅಯ್ಯಗಾರು, ನಾನೂ ಕೇಳಿಲ್ಲ, ನೀವೂ ಕೇಳಬೇಡಿ ಎಂದರು. ಆ ಸಾಲು ಇಂದಿಗೂ ಪ್ರತಿ ವರ್ಷದ ಲೆಕ್ಕಪತ್ರದಲ್ಲಿದೆ. ಯಾವ ಸಂಖ್ಯೆ ಯಾರೆಂದು ನನಗೆ ತಿಳಿಯದು. ಒಂದಿಬ್ಬರನ್ನು ಊಹಿಸಬಲ್ಲೆ, ಊಹಿಸುವುದನ್ನು ಬಿಡಲು ಪ್ರಯತ್ನ ಮಾಡುತ್ತೇನೆ.

ಈಗ ಸರ್ಟಿಫಿಕೇಟಿನ ಪ್ರಶ್ನೆ. ಮಗಳ ತಂದೆಯ ಅಂಜಿಕೆ ನ್ಯಾಯವಾದದ್ದು. ಟೂರ್ನಿಯರ್ ತೀರ್ಪಿನಲ್ಲೂ ಬೇರೆಯವರ ಬಗೆಗಿನ ಕರ್ತವ್ಯಕ್ಕೆ ಜಾಗವಿದೆ. ಜೀವದ ಪ್ರಶ್ನೆ ಬಂದಾಗ ಗುಟ್ಟೇ ಎಲ್ಲಕ್ಕಿಂತ ದೊಡ್ಡದೆಂದು ನಾನು ವಾದಿಸಲಾರೆ. ನಮ್ಮ ಸುಪ್ರೀಂ ಕೋರ್ಟಿಗೂ ಈ ಇಕ್ಕಟ್ಟು ಬಂದಿತ್ತು. ರಕ್ತ ಕೊಡಲು ಹೋದ ಒಬ್ಬರಿಗೆ ಸೋಂಕಿದೆಯೆಂಬುದು ಆಸ್ಪತ್ರೆಯಿಂದ ಹೊರಬಿದ್ದು ಮದುವೆ ಮುರಿಯಿತು. ಮದುವೆಯಾಗಬೇಕಿದ್ದ ಹುಡುಗಿಯ ಜೀವ ದೊಡ್ಡದೆಂದು 1998ರಲ್ಲಿ ಹೇಳಿದ ನ್ಯಾಯಾಲಯ, ಅಂಥವರಿಗೆ ಮದುವೆಯ ಹಕ್ಕೇ ಇಲ್ಲವೆನ್ನುವವರೆಗೂ ಹೋಯಿತು. 2002ರಲ್ಲಿ ಆ ಮಾತು ಅನಗತ್ಯವಾಗಿತ್ತೆಂದು ತಾನೇ ತಿದ್ದಿಕೊಂಡಿತು. 2017ರಲ್ಲಿ ಆದ ಎಚ್‌ಐವಿ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಯಾರನ್ನೂ ಪರೀಕ್ಷಿಸುವಂತಿಲ್ಲ, ತನ್ನ ಸ್ಥಿತಿಯನ್ನು ಹೇಳೆಂದು ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎನ್ನುತ್ತದೆ ಅದು. ಸ್ಮಶಾನದಲ್ಲಿ ಭೇದ ಮಾಡಬಾರದೆಂಬುದನ್ನೂ ಕಾನೂನಿನಲ್ಲಿ ಬರೆಯಬೇಕಾಗಿ ಬಂತು. ಗಂಡನಿಗೋ ಹೆಂಡತಿಗೋ ತಿಳಿಸುವ ಅವಕಾಶ ಅದರಲ್ಲಿದೆ, ಆದರೆ ವೈದ್ಯರಿಗೆ ಅಥವಾ ಆಪ್ತಸಲಹೆಗಾರರಿಗೆ ಮಾತ್ರ. ರೋಗಿಗೆ ಬುದ್ಧಿ ಹೇಳಿ, ತಿಳಿಸುತ್ತೇನೆಂದು ಮುಂಚೆ ಅವನಿಗೇ ಹೇಳಿ, ಎದುರು ಕೂರಿಸಿಕೊಂಡು. ಹೇಳಿದರೆ ಹೆಂಗಸಿಗೆ ಹೊಡೆತವೋ ಮನೆಯಿಂದ ಹೊರಹಾಕುವುದೋ ಆಗುವ ಹಾಗಿದ್ದರೆ ಆಗಲೂ ಕೂಡದು. ಅಯ್ಯಗಾರು, ಸಮಿತಿ, ಖಜಾಂಚಿ, ಇವರ ಹೆಸರು ಆ ಕಲಮಿನಲ್ಲಿ ಎಲ್ಲೂ ಇಲ್ಲ.

ಕಾನೂನನ್ನು ಬದಿಗಿಟ್ಟರೂ ಸೂಚನೆ ನಡೆಯುವುದಿಲ್ಲ. ಸೋಂಕು ತಗುಲಿದ ಹೊಸತರಲ್ಲಿ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ಆ ಕಾಗದ ಮಗಳ ತಂದೆಗೆ ಕೊಡುವ ಧೈರ್ಯ ಅರ್ಧ ಸುಳ್ಳು. ಇನ್ನು ನಮ್ಮ ಪದ್ಧತಿ ನೋಡಿ. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುತ್ತೇವೆ. ಕಾಗದ ಒಪ್ಪಿಸಿದ ಮೇಲೆ ಪ್ರಕಟಣೆ ಬರಲಿಲ್ಲವೆಂದರೆ ಊರಿಗೆಲ್ಲ ತಿಳಿಯಿತೆಂದೇ ಅರ್ಥ. ಯಾರೂ ಬಾಯಿ ಬಿಡಬೇಕಾಗಿಲ್ಲ. 2006ರ ಚೀಟಿಯನ್ನು ನಾನೊಬ್ಬ ಓದಿದೆ. ಈ ನಿಯಮ ಬಂದರೆ ಸಭೆಯೇ ನಿಂತು ಓದಿದ ಹಾಗೆ.

ಹಾಗಾದರೆ ಆ ತಂದೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು. ಮದುವೆಯ ಮಾತು ಕೂಡಿಬಂದ ಮೇಲೆ, ನಿಶ್ಚಯಕ್ಕೆ ಮುಂಚೆ, ಹುಡುಗ ಹುಡುಗಿ ತಾವಾಗಿ ಒಟ್ಟಿಗೆ ಆಸ್ಪತ್ರೆಯ ಸಲಹಾ ಕೇಂದ್ರಕ್ಕೆ ಹೋಗಲಿ. ಫಲಿತಾಂಶವನ್ನು ಅವರಿಬ್ಬರೇ ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿ. ಕಾಗದ ಅಯ್ಯಗಾರ ಮೇಜಿಗೆ ಬರುವುದು ಬೇಡ. ಮದುವೆಗೆ ಮುಂಚಿನ ಉಪದೇಶದಲ್ಲಿ ಇದನ್ನು ಎಲ್ಲ ಜೋಡಿಗಳಿಗೂ ಹೇಳಲಿ, ಯಾರ ಮೇಲೂ ಬೆರಳು ಹೋಗದ ಹಾಗೆ. ಈಗಿನ ವೈದ್ಯ ಏನನ್ನುತ್ತದೆ ಎಂಬುದನ್ನೂ ಹೇಳಲಿ: ಹೆಚ್ಚಿನವರಿಗೆ ದಿನಕ್ಕೆ ಒಂದು ಮಾತ್ರೆ, ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ನಿಂತರೆ ದಾಂಪತ್ಯದಿಂದ ಜೊತೆಯವರಿಗೆ ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಬರುವ ಸಂಭವ ನೂರಕ್ಕೆ 15ರಿಂದ 45ರವರೆಗೆ, ಚಿಕಿತ್ಸೆಯಿದ್ದರೆ 5ಕ್ಕಿಂತ ಕಡಿಮೆ. ಸೋಂಕಿದ್ದೂ ತಿಳಿದು ಒಪ್ಪಿ ಮದುವೆಯಾಗುವವರನ್ನು ತಡೆಯಲು ನಾವು ಯಾರು?

ಇದರಲ್ಲಿ ಒಂದು ತೂತು ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹುಡುಗ ಸುಳ್ಳು ಹೇಳಿದರೆ? ನಾನು ಹೋಗುವುದಿಲ್ಲ ಎಂದರೆ? ಹೋಗದವನನ್ನು ಮಗಳು ಬೇಡವೆನ್ನಬಹುದು, ತಂದೆ ಅವಳ ಬೆನ್ನಿಗೆ ನಿಲ್ಲಬಹುದು. ಅದಕ್ಕಿಂತ ಹೆಚ್ಚಿನ ಭದ್ರತೆ ನನ್ನ ಬಳಿ ಇಲ್ಲ. ಸರ್ಟಿಫಿಕೇಟು ಕೊಡುತ್ತದೆಂದು ಹೇಳುವವರ ಬಳಿಯೂ ಇಲ್ಲ.

ಆ ಹುಡುಗನ ಹೆಂಡತಿ ಈಗ ಊರಿನಲ್ಲೇ ಇದ್ದಾಳೆ, ಅತ್ತೆಯ ಜೊತೆ. ಅವರ ಖಾತೆ ನಮ್ಮ ಶಾಖೆಯಲ್ಲಿಯೇ ಇದೆ. ಇದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಅದೇ ತಪ್ಪು ಮಾಡಿದ ಹಾಗೆ. ಇಷ್ಟನ್ನು ಇಲ್ಲಿ ಬರೆಯಲು ಆ ತಾಯಿಯನ್ನೇ ಕೇಳಿಕೊಂಡೆ. "ಹೆಸರು ಬರೀಬ್ಯಾಡ. ಕನ್ನಡದಾಗ ಬರಿ" ಎಂದರು. ಭಾನುವಾರ ಅವರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಚೀಟಿ ಹಾಕುವುದಿಲ್ಲ. ಚಿಕ್ಕ ಲೋಟಗಳು ಹಾಗೆಯೇ ಇವೆ.

ಸಮಿತಿ ಈ ತಿಂಗಳ ಕೊನೆಯ ಶನಿವಾರ ಸೇರುತ್ತದೆ. ಸರ್ಟಿಫಿಕೇಟಿನ ವಿಷಯ ಪಟ್ಟಿಯಲ್ಲಿ ಮೂರನೆಯದು, ಛಾವಣಿಯ ರಿಪೇರಿಯ ನಂತರ. ಲೋಟದ ಮಾತನ್ನೂ ಪಟ್ಟಿಗೆ ಸೇರಿಸಿರೆಂದು ಅಯ್ಯಗಾರಿಗೆ ಬರೆದು ಕೊಟ್ಟಿದ್ದೇನೆ.